ಕೈ ಮುಂದ ಮಾಡಿದ ಪೆಟಗಿ

ಮೊನ್ನೆ ನನ್ನ ಅಂಗಿಯನ್ನು ನೀರಿಗೆ ಹಾಕುವ ಮುಂಚೆ ತಂಗಿ ಕಿಸೆ ತಡಕಿದಳು. ಸಿಕ್ಕಿದ್ದು ಒಂದಿಷ್ಟು ಸ್ಕ್ರೂ, ಒಂದು ಬಸ್ ಟಿಕೆಟು, ಒಂದು ರಬ್ಬರು. ರಬ್ಬರು ಅಂದರೆ ಶಾಲೆಯ ಮಕ್ಕಳು ಪೆನ್ಸಿಲ್ಲಿನ ಬರಹ ಅಳಿಸುತ್ತಾರಲ್ಲ, ಅದೇ. ಸ್ಕ್ರೂಗಳನ್ನು ಕಿಟಕಿಯ ಮೇಲಿಟ್ಟಳು, ಟಿಕೆಟು ಎಸೆದಳು. ರಬ್ಬರನ್ನು ಮಾತ್ರ ಎರಡು ಬೆರಳಲ್ಲಿ ಹಿಡಿದುಕೊಂಡು ಬಂದು ನನ್ನ ಮುಖದ ಮುಂದೆ ಆಡಿಸಿದಳು.

"ಸಾಲಿಗೆ ಹೋಗೂವಾಗ ಒಂದ ದಿನಾನೂ ಇದು ನಿನ್ನ ಕಿಸೇದಾಗ ಇರಲಿಲ್ಲ. ಈಗ ಏನ್ ಅಳಸಾಕ ಹೊಂಟಿಯೋ?"

ಅವಳು ಹೇಳಿದ್ದು ಖರೆ. ಅಳಿಸಬೇಕೆಂದರೆ ಮೊದಲು ಬರೆದಿರಬೇಕು. ನಾನು ಬರೆದದ್ದೇ ಕಡಿಮೆ. ಗಬ್ಬೂರಿನ ನಮ್ಮ ಶಾಲೆಯಲ್ಲಿ ಪಾಟಿಯ ಮೇಲೆ ಬರೆದದ್ದನ್ನು ಉಗುಳು ಹಚ್ಚಿ ಒರೆಸುವುದು ಎಲ್ಲರ ಪದ್ಧತಿ. ಉಳಿದವರು ನೋಟ್‌ಬುಕ್ಕಿಗೆ ಬಂದ ಮೇಲೆ ಆ ಚಾಳಿ ಬಿಟ್ಟರು, ನಾನು ಬಿಡಲಿಲ್ಲ. ಹಾಳೆ ಒದ್ದೆಯಾಗಿ ತೂತು ಬೀಳುತ್ತಿತ್ತು. ಮಾಸ್ತರರು ಒಮ್ಮೆ ಆ ಹಾಳೆಯನ್ನು ಎತ್ತಿ ಹಿಡಿದು, ತೂತಿನಿಂದ ನನ್ನನ್ನು ನೋಡಿ, ಈ ಕಿಟಕಿಯಿಂದ ನಿನ್ನ ಮುಂದಿನ ಜೀವನ ಕಾಣುತ್ತಿದೆ ಎಂದರು. ಪಕ್ಕದ ಹುಡುಗನ ಹತ್ತಿರ ಹಣ್ಣಿನ ವಾಸನೆಯ ರಬ್ಬರು ಇತ್ತು. ಮೂಸಲು ಕೇಳಿ ಇಸಿದುಕೊಂಡೆ, ಮೂಸಿದ ಮೇಲೆ ತಡೆಯಲಾಗದೆ ಒಂದು ಮೂಲೆ ಕಚ್ಚಿ ತಿಂದೆ. ರುಚಿ ಇರಲಿಲ್ಲ. ನನ್ನ ವಿದ್ಯಾಭ್ಯಾಸದ ಬಗ್ಗೆ ಹೇಳುವುದು ಇಷ್ಟೇ. ಏಳನೆಯ ಇಯತ್ತೆಯ ಮೇಲೆ ಶಾಲೆಗೂ ನನಗೂ ಹೊಂದಲಿಲ್ಲ.

ಈಗ ಅದೇ ರಬ್ಬರು ನನಗೆ ಅನ್ನ ಹಾಕುತ್ತಿದೆ. ನಾನು ಮನೆಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುವವನು. ಯಾರಾದರೂ 'ಇಂಜಿನಿಯರ್ ಬಂದ್ರು' ಎಂದರೆ ಈಗಲೂ ಹಿಂದೆ ತಿರುಗಿ ನೋಡುತ್ತೇನೆ, ಯಾರು ಬಂದರೋ ಎಂದು.

ವಿದ್ಯೆ ಕಲಿಸಿದವನು ಹುಬ್ಬಳ್ಳಿಯ ಗೋಕುಲ ರಸ್ತೆಯ ನನ್ನ ಉಸ್ತಾದ. ಮೊದಲು ನೀರೆತ್ತುವ ಮೋಟಾರಿಗೆ ತಂತಿ ಸುತ್ತುತ್ತಿದ್ದ, ಆಮೇಲೆ ಕಾಲ ನೋಡಿ ಕಂಪ್ಯೂಟರಿಗೆ ಕೈ ಹಾಕಿದ. ಅವನ ಪಾಠ ಚಿಕ್ಕದು. ಕಂಪ್ಯೂಟರಿನೊಳಗೆ ಅಂಗೈ ಉದ್ದದ ಒಂದು ಹಸಿರು ಪಟ್ಟಿ ಇರುತ್ತದೆ, ರ‍್ಯಾಮ್ ಅನ್ನುತ್ತಾರೆ. ಅದರ ಒಂದು ಅಂಚಿಗೆ ಬಂಗಾರದ ಬಣ್ಣದ ಹಲ್ಲುಗಳಿವೆ. ಆ ಹಲ್ಲಿಗೆ ಕೊಳೆ ಹಿಡಿದರೆ ಮಶೀನು ಏಳುವುದಿಲ್ಲ, ಟೂಂ ಟೂಂ ಎಂದು ಅಳುತ್ತದೆ. ಕರೆಂಟು ತೆಗೆ, ಪಟ್ಟಿ ಕೀಳು, ರಬ್ಬರಿನಿಂದ ಹಲ್ಲು ತಿಕ್ಕು, ಕೂಡಿಸು. ಬಹಳಷ್ಟು ಸಲ ಇಷ್ಟರಲ್ಲೇ ಎದ್ದು ಕೂಡುತ್ತದೆ. ಏಳದಿದ್ದರೆ? ಎರಡನೆಯ ಪಾಠ: ಬಣ್ಣ ಹಚ್ಚುವ ಒಣ ಬ್ರಷ್ಷಿನಿಂದ ಪಂಖಾದ ಧೂಳು ಜಾಡಿಸು. ಆಗಲೂ ಏಳದಿದ್ದರೆ? ಚಹಾ ಕೇಳು, ಕುಡಿಯುವಾಗ ಯೋಚನೆ ಮಾಡುವವನ ಹಾಗೆ ಮುಖ ಮಾಡು. ಉಸ್ತಾದ ಈ ಮೂರನೆಯದನ್ನೇ ಬಹಳ ಹೊತ್ತು ಕಲಿಸಿದ. ನನ್ನ ಮುಖಕ್ಕೆ ಯೋಚನೆ ಒಪ್ಪುವುದಿಲ್ಲ ಎಂದು ಅವನಿಗೆ ಅಸಮಾಧಾನ.

ಮಂದಿಯ ಮನೆಗೆ ಕಂಪ್ಯೂಟರು ಬರಲು ಶುರುವಾದ ಕಾಲ ಅದು. ಬಂದ ಹೊಸತರಲ್ಲಿ ಅದಕ್ಕೆ ಸಿಕ್ಕ ಮರ್ಯಾದೆ ಮನೆಯ ಅಳಿಯನಿಗೂ ಸಿಕ್ಕಿರಲಿಕ್ಕಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮಕ್ಕಳು ಕೈಕಾಲು ತೊಳೆದು ಮುಟ್ಟಬೇಕು. ಕಸೂತಿ ಹಾಕಿದ ಗವಸು ಮಾನಿಟರಿಗೊಂದು, ಕೀಬೋರ್ಡಿಗೊಂದು, ಕೆಳಗಿನ ಡಬ್ಬಿಗೊಂದು. ಒಂದು ಮನೆಯಲ್ಲಿ ಇಲಿಯಾಕಾರದ ಮೌಸಿಗೂ ಕುಂಚಿಗೆ ಹೊಲಿದಿದ್ದರು, ಕೂಸಿಗೆ ಹೊಲಿದ ಹಾಗೆ, ಕಿವಿಯ ಹತ್ತಿರ ಗೊಂಡೆ ಸಮೇತ. ಗವಸು ತೆಗೆಯದೆಯೇ ಮಶೀನು ಹಚ್ಚುತ್ತಿದ್ದರು. ಒಳಗಿನ ಬಿಸಿ ಹೊರಗೆ ಬರಲು ದಾರಿ ಇಲ್ಲ, ಪಾಪ, ಕಂಬಳಿ ಹೊದ್ದುಕೊಂಡು ಬೇಸಿಗೆಯಲ್ಲಿ ಓಡುವವನ ಗತಿ. ನಡುವೆ ಎಚ್ಚರ ತಪ್ಪಿ ಬೀಳುತ್ತಿತ್ತು. ಗವಸು ತೆಗೀರಿ ಅಂದರೆ ಧೂಳಾಗ್ತೇತಿ ಅನ್ನುವರು. ಕಂಪನಿಯವರು ಅಂಟಿಸಿದ ಪ್ಲಾಸ್ಟಿಕ್ ಹಾಳೆಯಂತೂ ಹರಿದು ತಾನೇ ಉದುರಬೇಕು, ಕೈಯಿಂದ ತೆಗೆದರೆ ಪಾಪ. ನಗಬೇಡಿ. ನಿಮ್ಮ ಮನೆಯ ಟಿ.ವಿ. ರಿಮೋಟು ಇನ್ನೂ ಪ್ಲಾಸ್ಟಿಕ್ ಚೀಲದಲ್ಲೇ ಇದೆ ಎಂಬುದು ನನಗೆ ಗೊತ್ತು.

ಆದರೆ ನಾನು ಹೇಳಲು ಹೊರಟದ್ದು ನವನಗರದ ಒಂದು ಮನೆಯ ಸುದ್ದಿ.

ಆ ಮನೆಯ ಯಜಮಾನರು ಚನ್ನಬಸಪ್ಪ ಕಾಕಾ. ಕಾಳುಕಡಿ ವ್ಯಾಪಾರದ ದಲಾಲಿ ಅಂಗಡಿ ಅವರದು. ನಮ್ಮಪ್ಪ ಅದೇ ಅಂಗಡಿಯಲ್ಲಿ ದಬ್ಬಳ ಹಿಡಿದು ಚೀಲದ ಬಾಯಿ ಹೊಲಿಯುತ್ತಿದ್ದ. ಸಣ್ಣವನಿದ್ದಾಗ ನಾನು ಅಪ್ಪನ ಹಿಂದೆ ಹೋಗಿ, ಮೂಟೆಗಳ ನಡುವೆ ಸುಮ್ಮನೆ ನಿಂತು ಕೈ ಚಾಚುತ್ತಿದ್ದೆ. ಕಾಕಾ ಲೆಕ್ಕದಿಂದ ತಲೆ ಎತ್ತದೆ ಒಂದು ಹಿಡಿ ಶೇಂಗಾ, ಇಲ್ಲವೆ ಒಂದು ಹಳಕು ಬೆಲ್ಲ ಕೈಗೆ ಹಾಕುವರು. ಚಾಚಿದ ಕೈ ಯಾರದು ಎಂದು ನೋಡುವವರೂ ಅಲ್ಲ. ನಾನು ಅಲ್ಲಿಂದ ಸುತ್ತು ಹಾಕಿ ಬಂದು ಮತ್ತೆ ಚಾಚಿದರೆ ಮತ್ತೆ ಬೀಳುತ್ತಿತ್ತು. 'ಮುಂದ ಮಾಡಿದ ಕೈಗೆ ಇಲ್ಲಾ ಅನಬಾರದು' ಎನ್ನುವುದು ಅವರ ಮನೆತನದ ಮಾತು. ನವನಗರದ ಮನೆಯ ಪಡಸಾಲೆಯಲ್ಲಿ ಒಂದು ಬುಟ್ಟಿ ಜೋಳ ಯಾವಾಗಲೂ ತುಂಬಿರುತ್ತಿತ್ತು, ಬಾಗಿಲಿಗೆ ಬಂದವರಿಗಾಗಿ.

ಕೈ ಧಾರಾಳ, ಬಾಯಿ ಮಾತ್ರ ಬಿಗಿ. ಮನೆಯಲ್ಲಿ ಕಂಪ್ಯೂಟರು ಬಂದದ್ದು ಅವರಿಗೆ ಸೇರಿರಲಿಲ್ಲ. ತಂದದ್ದು ಸೊಸೆ ಗಿರಿಜಾ ವೈನಿ, ತವರುಮನೆಯಿಂದ. ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತೇವೆ. ಮದುವೆಗೆ ಮುಂಚೆ ಧಾರವಾಡದಲ್ಲಿ ಕನ್ನಡ ಟೈಪಿಂಗು ಕಲಿತಿದ್ದರು. ಹುಬ್ಬಳ್ಳಿಯ ಒಂದು ಪ್ರೆಸ್ಸಿನವರು ಲಗ್ನಪತ್ರಿಕೆಗಳನ್ನು ಅವರ ಹತ್ತಿರ ಅಕ್ಷರ ಜೋಡಿಸಲು ಕೊಡುತ್ತಿದ್ದರು. ನೀವು ಲಗ್ನಪತ್ರಿಕೆ ಹಗುರ ಕೆಲಸ ಎಂದುಕೊಂಡಿದ್ದರೆ ನಮ್ಮ ಕಡೆಯ ಲಗ್ನಪತ್ರಿಕೆ ನೀವು ನೋಡಿಲ್ಲ. ಗಂಡು ಹೆಣ್ಣಿನ ಹೆಸರು ನಡುವೆ ಎಲ್ಲೋ ಇರುತ್ತದೆ. ಸುತ್ತಲೂ ಇರುವೆ ಸಾಲಿನ ಹಾಗೆ ಕಾಕಾಗಳು, ಸೋದರಮಾವಂದಿರು, ಅವರ ಬೀಗರು, ಬೀಗರ ಅಂಗಡಿಯ ಹೆಸರು. ಒಂದು ಹೆಸರು ಬಿಟ್ಟುಹೋದರೆ ಒಂದು ಮನೆತನವೇ ಊಟಕ್ಕೆ ಬರುವುದಿಲ್ಲ. ಒಂದು ಹೆಸರು ಕೆಳಗಿನ ಸಾಲಿಗೆ ಇಳಿದರೆ ಬರುತ್ತಾರೆ, ಬಂದು ಮುಖ ಗಂಟಿಕ್ಕಿಕೊಂಡು ಕೂಡುತ್ತಾರೆ, ಅದು ಇನ್ನೂ ಕಷ್ಟ. ವೈನಿ ಇಂಥ ನೂರಾರು ಮನೆತನಗಳ ಮಾನವನ್ನು ಆ ಮಶೀನಿನಲ್ಲಿ ಜೋಪಾನ ಮಾಡುತ್ತಿದ್ದರು.

ಕಾಕಾ ಅದನ್ನು ಕಂಪ್ಯೂಟರ್ ಎಂದು ಒಮ್ಮೆಯೂ ಕರೆಯಲಿಲ್ಲ. 'ಪೆಟಗಿ' ಎನ್ನುತ್ತಿದ್ದರು. ಅದಿದ್ದ ಕೋಣೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ಬಾಗಿಲಲ್ಲಿ ನಿಂತು ಗೋಡೆಗೆ ಹೇಳುವರು, ವೈನಿ ಗೋಡೆಯಿಂದ ಕೇಳಿಸಿಕೊಳ್ಳುವರು.

ಪೆಟಗಿಯನ್ನು ಮನಸಾರೆ ಒಪ್ಪಿಕೊಂಡವರು ಒಬ್ಬರೇ. ಕಾಕಾನ ತಾಯಿ, ಆಯಿ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಅದೇ ಕೈಯಲ್ಲಿ ವಿಭೂತಿ ತಂದು, ಬಾಗಿಲಿನ ಚೌಕಟ್ಟಿಗೆ ಹಚ್ಚಿ, ಬೀಸುಕಲ್ಲಿಗೆ ಹಚ್ಚಿ, ಆಮೇಲೆ ಕೋಣೆಗೆ ಬಂದು ಕಂಪ್ಯೂಟರಿನ ಡಬ್ಬಿಗೂ ಮೂರು ಬೆರಳಲ್ಲಿ ಎಳೆಯುತ್ತಿದ್ದರು. ಕೈಯಲ್ಲಿ ಉಳಿದದ್ದನ್ನು ಉಫ್ ಎಂದು ಅದರ ಮೇಲೆಯೇ ಊದುವರು. ಡಬ್ಬಿಯ ಪಂಖಾ ಗಾಳಿಯನ್ನು ಒಳಗೆ ಎಳೆಯುವ ಜಾತಿ. ಭಸ್ಮವನ್ನೂ ಎಳೆಯಿತು. ಮೊದಲ ಸಲ ನನ್ನನ್ನು ಕರೆಸಿದ್ದು ಅದಕ್ಕೇ. ಹಚ್ಚಿದ ಸ್ವಲ್ಪ ಹೊತ್ತಿಗೆ ಮಶೀನು ತಾನೇ ಆರುತ್ತದೆ ಎಂದು ವೈನಿ ಹೇಳಿದರು. ಮುಚ್ಚಳ ಬಿಚ್ಚಿದರೆ ಪಂಖಾ ಕಾಣಿಸಲಿಲ್ಲ. ಅದರ ಜಾಗದಲ್ಲಿ ಬೂದಿಯ ಒಂದು ಸಣ್ಣ ಗುಡ್ಡೆ ಇತ್ತು.

ನಾನು ಅದನ್ನು ಬ್ರಷ್ಷಿನಿಂದ ಜಾಡಿಸುವಾಗ ಆಯಿ ಬಗ್ಗಿ ನೋಡಿದರು. ಮುಖ ಅರಳಿತು.

"ಒಳಗೂ ಮುಟ್ಟೇತಲ್ಲ. ಛಲೋ ಆತು."

ಇಂಥವರಿಗೆ ಏನು ಹೇಳುವುದು? ದೇವರ ವಿಷಯದಲ್ಲಿ ಬೇಡ ಅನ್ನಲು ನನಗೆ ಧೈರ್ಯ ಇಲ್ಲ, ಅನ್ನದಿದ್ದರೆ ಪಂಖಾಕ್ಕೆ ಉಳಿವಿಲ್ಲ. ಯೋಚಿಸಿ ಒಂದು ದಾರಿ ತೆಗೆದೆ. ಒಣ ಭಸ್ಮ ಹಾರುತ್ತದೆ, ನೀರಿನಲ್ಲಿ ಕಲಸಿ ಹಸಿಯಾಗಿ ಹಚ್ಚಿರಿ, ಚೆನ್ನಾಗಿ ಒತ್ತಿ ಹಚ್ಚಿದರೆ ದಿನವೆಲ್ಲ ಇರುತ್ತದೆ ಎಂದೆ. ಆಯಿಗೆ ಮಾತು ಪಸಂದಾಯಿತು. ಈ ಹುಡುಗನಿಗೆ ಧರ್ಮ ಗೊತ್ತು ಎಂದರು. ಅಲ್ಲಿಯವರೆಗೆ ಯಾರೂ ನನ್ನ ಮೇಲೆ ಆ ಆರೋಪ ಹೊರಿಸಿರಲಿಲ್ಲ.

ಆದರೆ ಮಶೀನು ಮಲಗಿದ್ದ ಆ ಹೊತ್ತಿನಲ್ಲಿ ಒಂದು ಪತ್ರಿಕೆಯ ಕೆಲಸ ತಡವಾಗಿತ್ತು. ಪ್ರೆಸ್ಸಿನ ಮನುಷ್ಯ ಮನೆಗೇ ಬಂದು, ಗೇಟಿನಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ವೈನಿಯನ್ನು ವಿಚಾರಿಸಿ ಹೋದ. ಕಾಕಾ ಆಗ ಪಡಸಾಲೆಯಲ್ಲಿದ್ದರು. ಜನ್ಮದಲ್ಲಿ ಅವರ ಬಾಗಿಲಿಗೆ ಬಂದು ದನಿ ಎತ್ತಿದವರಿಲ್ಲ. ಅವರು ಪ್ರೆಸ್ಸಿನವನಿಗೆ ಏನೂ ಅನ್ನಲಿಲ್ಲ. ಕೋಣೆಯ ಬಾಗಿಲಿಗೆ ಬಂದು ಗೋಡೆಗೆ ಹೇಳಿದರು.

"ಇನ್ನೊಮ್ಮೆ ಈ ಪೆಟಗಿ ಕೆಟ್ಟಿತಂದ್ರ ಈ ಮನ್ಯಾಗ ಇರೂದಿಲ್ಲ."

ಅವರು ಒಂದು ಮಾತು ಅಂದರೆ ಅಂದ ಹಾಗೆ. ವೈನಿಯ ಗಂಡ ಒಳ್ಳೆಯವನು, ಆದರೆ ಅಪ್ಪನ ಮುಂದೆ ಅವನ ಬಾಯಿ ಚೀಲದ ಬಾಯಿ, ಹೊಲಿದೇ ಇರುತ್ತಿತ್ತು. ಆವತ್ತಿನಿಂದ ವೈನಿ ಮಶೀನನ್ನು ಕೈಗೂಸಿನ ಹಾಗೆ ನೋಡಿಕೊಂಡರು. ಗವಸು ತೆಗೆದೇ ಹಚ್ಚುವರು. ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸುವರು. ಮಳೆ ಗುಡುಗಿದರೆ ತಂತಿ ಕಿತ್ತು ಇಡುವರು. ಮಾಡಿದ ಕೆಲಸದ ಇನ್ನೊಂದು ಪ್ರತಿ ಫ್ಲಾಪಿಯಲ್ಲಿ ತೆಗೆದಿಡಿ ಎಂದು ನಾನು ಹೇಳಿದ್ದೆ, ಅದನ್ನೂ ಮಾಡುತ್ತಿದ್ದರು. ನಾನು ಹೇಳಿದ್ದನ್ನು ಕೇಳಿದ ಗಿರಾಕಿ ನನ್ನ ಜೀವನದಲ್ಲಿ ಅವರೊಬ್ಬರೇ.

ದಸರೆ ಬಂತು. ಮಶೀನು ಬಿದ್ದಿತು.

ದಸರೆಯ ಮರುದಿನ ಬೆಳಿಗ್ಗೆ ನಮ್ಮ ಮನೆಯ ಪಕ್ಕದ ಕಿರಾಣಿ ಅಂಗಡಿಗೆ ಫೋನು ಬಂತು. ವೈನಿ ಪಿಸುದನಿಯಲ್ಲಿ ಮಾತಾಡಿದರು. ನಿನ್ನೆ ಸಂಜೆಯವರೆಗೆ ಚೆನ್ನಾಗಿತ್ತು, ಈಗ ಹಚ್ಚಿದರೆ ಪರದೆ ಕಪ್ಪಗೆ ನಿಂತುಬಿಡುತ್ತದೆ, ಒಳಗೆ ಏನೋ ಖರ್ ಖರ್ ಅನ್ನುತ್ತದೆ, ಮಾವನವರು ಅಂಗಡಿಗೆ ಹೋಗಿದ್ದಾರೆ, ಅವರು ತಿರುಗಿ ಬರುವಷ್ಟರಲ್ಲಿ ಬಂದು ಎಬ್ಬಿಸಿಕೊಡು. ನಾನು ರಬ್ಬರು ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಂದಿ ಬನ್ನಿ ಹಂಚುತ್ತಲೇ ಇದ್ದರು. ನೀವು ಬೇರೆ ಕಡೆಯವರಾಗಿದ್ದರೆ ಹೇಳುತ್ತೇನೆ. ದಸರೆಯ ಸಂಜೆ ನಮ್ಮಲ್ಲಿ ಬನ್ನಿ ಮರದ ಎಸಳೇ, ಅಂದರೆ ಎಲೆ ತುಂಬಿದ ಸಣ್ಣ ಕಡ್ಡಿಯೇ, ಬಂಗಾರ. ಅದನ್ನು ಒಬ್ಬರ ಕೈಗೆ ಒಬ್ಬರು ಇಟ್ಟು, ಬಂಗಾರದಂಗ ಇರೂಣು ಅನ್ನಬೇಕು. ಸಣ್ಣವರು ದೊಡ್ಡವರ ಕಾಲು ಮುಟ್ಟಬೇಕು, ದೊಡ್ಡವರು ಹರಸಬೇಕು. ವರ್ಷವಿಡೀ ಮಾತು ಬಿಟ್ಟವರೂ ಆವತ್ತು ಬನ್ನಿ ಕೊಟ್ಟರೆ ಜಗಳ ಮುಗಿದ ಲೆಕ್ಕ. ಕೆಲವರು ಮರುದಿನ ಹೊಸದಾಗಿ ಶುರುಮಾಡುತ್ತಾರೆ, ಅದು ಬೇರೆ.

ನವನಗರ ಮುಟ್ಟಿ ಕೋಣೆಯಲ್ಲಿ ಕೂತೆ. ಕರೆಂಟು ತೆಗೆದೆ, ಪಟ್ಟಿ ಕಿತ್ತೆ, ಹಲ್ಲು ತಿಕ್ಕಿದೆ, ಕೂಡಿಸಿದೆ. ಏಳಲಿಲ್ಲ. ಮತ್ತೆ ಕಿತ್ತೆ, ರಬ್ಬರಿನ ಬೇರೆ ಮೂಲೆಯಿಂದ ತಿಕ್ಕಿದೆ, ಮೂಲೆಯ ತಪ್ಪೇನೋ ಎನ್ನುವ ಹಾಗೆ. ಏಳಲಿಲ್ಲ. ಪಂಖಾ ಜಾಡಿಸಿದೆ. ಈ ಸಲ ಭಸ್ಮ ಇರಲಿಲ್ಲ, ಆಯಿ ಮಾತು ಉಳಿಸಿಕೊಂಡಿದ್ದರು. ಖರ್ ಖರ್ ಸದ್ದು ಮಾತ್ರ ನಿಲ್ಲಲಿಲ್ಲ. ಯುಪಿಎಸ್ಸಿನ ಮೇಲೆ ಗೂಬೆ ಕೂರಿಸಿ ನೋಡಿದೆ. ಅದನ್ನು ಬಿಟ್ಟು ನೇರ ಗೋಡೆಯ ಕರೆಂಟಿಗೆ ಜೋಡಿಸಿದರೂ ಅಷ್ಟೇ. ಪರದೆಯ ಎಡಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಣುಕ್ ಮಿಣುಕ್ ಎಂದು ನನ್ನನ್ನೇ ನೋಡುತ್ತಿತ್ತು, ಮಾಸ್ತರರು ತೂತಿನಿಂದ ನೋಡಿದ ಹಾಗೆ.

ಮೂರನೆಯ ಪಾಠಕ್ಕೆ ಬಂದೆ. ಚಹಾ ಕೇಳಿದೆ.

ವೈನಿ ಚಹಾ ತಂದು ಕೊಟ್ಟು ಅಲ್ಲೇ ನಿಂತರು. ನನ್ನ ಯೋಚನೆಯ ಮುಖ ನೋಡಿ ಅವರಿಗೆ ಎಲ್ಲ ತಿಳಿಯಿತು. ಉಸ್ತಾದ ಸುಳ್ಳು ಹೇಳಿರಲಿಲ್ಲ.

"ಈರಣ್ಣ, ಈ ಪೆಟಗಿ ಹ್ವಾದ್ರ ನಂದು ಮತ್ತ ರೊಟ್ಟಿ ಬಡಿಯೂದು, ಮಲಗೂದು ಅಷ್ಟ. ರೊಟ್ಟಿ ಬಡಿಯಾಕ ನನಗ ಬ್ಯಾಸರಿಲ್ಲ. ಆದ್ರ ಈ ಮನ್ಯಾಗ ನಂದು ಅನ್ನೂದು ಇದೊಂದ ಐತಿ."

ಲಗ್ನಗಳ ಕಾಲ ಮುಂದಿತ್ತು, ತುಳಸಿ ಲಗ್ನ ಆದ ಕೂಡಲೇ ಊರಿಗೆ ಊರೇ ಚಪ್ಪರ ಹಾಕುತ್ತದೆ. ಪತ್ರಿಕೆಗಳೇನೋ ಫ್ಲಾಪಿಯಲ್ಲಿ ಭದ್ರವಾಗಿದ್ದವು. ಆದರೆ ವೈನಿಯನ್ನು ಯಾವ ಫ್ಲಾಪಿಯಲ್ಲಿ ತೆಗೆದಿಡುವುದು? ಗೋಕುಲ ರಸ್ತೆಗೆ ಹೊತ್ತೊಯ್ದು ಉಸ್ತಾದನಿಗೆ ತೋರಿಸೋಣ ಎಂದರೆ, ಪೆಟಗಿ ಒಮ್ಮೆ ಹೊಸ್ತಿಲು ದಾಟಿದರೆ ತಿರುಗಿ ಒಳಗೆ ಬರುತ್ತದೆಯೇ? ಅದನ್ನೇ ಇಬ್ಬರೂ ಯೋಚಿಸುತ್ತಿರುವಾಗ ಗೇಟು ಸಪ್ಪಳವಾಯಿತು. ಕಾಕಾ ಬಂದರು. ದಸರೆಯ ಮರುದಿನ ಅಂಗಡಿಗೆ ಹಮಾಲರು ಬರುವುದಿಲ್ಲ ಎಂಬುದು ನಮಗೆ ಹೊಳೆದಿರಲಿಲ್ಲ. ನಮ್ಮಪ್ಪನೇ ಆವತ್ತು ಮನೆಯಲ್ಲಿ ಮಲಗಿದ್ದ, ಆದರೂ ನನಗೆ ಹೊಳೆದಿರಲಿಲ್ಲ ನೋಡಿ.

ಕಾಕಾ ಬಾಗಿಲಲ್ಲಿ ನಿಂತು, ಬಿಚ್ಚಿ ಹರಡಿದ ಡಬ್ಬಿ ನೋಡಿ, ಪೆಟಗಿ ಎದ್ದಿತೇನು ಎಂದು ಕೇಳಿದರು. ಏಳುತ್ತದೆ ಎಂದೆ.

"ಎಬ್ಬಸಬ್ಯಾಡ, ಮಲಗಿರಲಿ. ದಣದಿರಬೇಕು. ನಾ ಟೆಂಪೋದವಗ ಹೇಳಿ ಕಳಸ್ತೇನಿ."

ದನಿ ಏರಿಸಲಿಲ್ಲ. ಬೆಲ್ಲ ಕೊಡುವಾಗಿನ ದನಿಯಲ್ಲೇ ಹೇಳಿದರು, ಅದಕ್ಕೇ ಹೆದರಿಕೆಯಾಯಿತು. ವೈನಿ ಸೆರಗು ಸರಿಮಾಡಿಕೊಂಡು ಕೀಬೋರ್ಡಿನ ತಂತಿ ಸುತ್ತತೊಡಗಿದರು. ಮೆಲ್ಲಗೆ, ಸಿಕ್ಕು ಬೀಳದ ಹಾಗೆ.

ಅಷ್ಟರಲ್ಲಿ ಆಯಿ ಬಂದರು. ಇಷ್ಟು ಹೊತ್ತು ಹಿತ್ತಲಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದರು. ಕಾಕಾನನ್ನು ಬದಿಗೆ ಸರಿಸಿ ಒಳಗೆ ಬಂದು, ಖರ್ ಖರ್ ಸದ್ದನ್ನು ಸ್ವಲ್ಪ ಹೊತ್ತು ಕೇಳಿದರು. ಹೊಟ್ಟೆನೋವಿನ ಕೂಸನ್ನು ನೋಡುವ ಹಾಗೆ ನೋಡಿದರು.

"ಯಾಕೋ ತಮ್ಮಾ, ಬನ್ನಿ ಇನ್ನೂ ಅರಗಿಲ್ಲೇನು ಅದಕ?"

ಯಾವ ಬನ್ನಿ ಎಂದು ನಾನೇ ಕೇಳಿದೆ.

ಆಯಿ ಹೇಳಿದ್ದು ಇಷ್ಟು. ನಿನ್ನೆ ಸಂಜೆ ವೈನಿ ಟೈಪು ಮಾಡುತ್ತಿದ್ದವರು, ಬನ್ನಿ ಕೊಡಲು ಓಣಿಯವರು ಬಂದರೆಂದು ಮಶೀನು ಹಚ್ಚಿಟ್ಟೇ ಪಡಸಾಲೆಗೆ ಎದ್ದು ಹೋದರು. ಆಯಿ ಬನ್ನಿ ಹಿಡಿದು ಕೋಣೆಗೆ ಬಂದರು. ಹಬ್ಬದ ದಿನ ಎಂದು ಡಬ್ಬಿಯ ಹಣೆಗೆ, ನಾನು ಹೇಳಿದ ಹಾಗೆಯೇ, ಹಸಿ ಭಸ್ಮ ಚೆನ್ನಾಗಿ ಒತ್ತಿ ಹಚ್ಚಿದರು. ಹಣೆ ಎಂದರೆ ಡಬ್ಬಿಯ ಮುಂಭಾಗದ ಮೇಲ್ತುದಿ. ಅಲ್ಲೇ ಸಿಡಿ ಹಾಕುವ ಡ್ರೈವಿನ ಗುಂಡಿ ಇದೆ. ಹೆಬ್ಬೆರಳು ಅದರ ಮೇಲೆ ಬಿತ್ತು. ಸಿಡಿಯ ತಟ್ಟೆ ಸರ್ರನೆ ಹೊರಗೆ ಬಂತು.

"ನಾ ಹಣಿಗೆ ಹಚ್ಚಿದೆ, ಅದು ಕೈ ಮುಂದ ಮಾಡ್ತು," ಎಂದರು ಆಯಿ. "ಹಬ್ಬದ ದಿನಾ ಬನ್ನಿ ಬೇಡಾಕತ್ತೇತಿ, ಇಲ್ಲಾ ಅನ್ನಲೇನು? ಕೈಯಾಗ ಒಂದ ಎಸಳು ಇಟ್ಟೆ. ಮತ್ತ ಭಸ್ಮ ಹಚ್ಚಿದೆ. ಶಾಣ್ಯಾ ಐತಿ, ತಗೊಂಡು ಒಳಗ ಇಟಗೊಂತು."

ಉಸ್ತಾದನ ಯಾವ ಪಾಠದಲ್ಲೂ ಇದು ಇರಲಿಲ್ಲ. ಮಶೀನು ಏಳುವಾಗ ಮೊದಲು ಸಿಡಿ ಇದೆಯೇ ಎಂದು ಹುಡುಕುತ್ತದೆ. ಒಳಗೆ ಸಿಡಿಯ ಜಾಗದಲ್ಲಿ ಬನ್ನಿ ಇತ್ತು. ಅದನ್ನೇ ತಿರುಗಿಸಿ ತಿರುಗಿಸಿ ಓದಲು ನೋಡುತ್ತಿತ್ತು ಬಡಪಾಯಿ. ಓದಲು ಬಾರದೆ ಅಲ್ಲೇ ನಿಂತುಬಿಟ್ಟಿತ್ತು. ಶಾಲೆಯಲ್ಲಿ ನಾನು ನಿಂತ ಹಾಗೆ.

ಗುಂಡಿ ಒತ್ತಿದರೆ ತಟ್ಟೆ ಬರಲಿಲ್ಲ, ಸಿಕ್ಕಿಕೊಂಡಿತ್ತು. ಆ ಡ್ರೈವಿನ ಮುಖದಲ್ಲಿ ಸೂಜಿ ಹೋಗುವಷ್ಟು ಒಂದು ತೂತು ಇರುತ್ತದೆ, ನಿಮ್ಮ ಮನೆಯ ಕಂಪ್ಯೂಟರಿನಲ್ಲೂ ಇದೆ, ಹೋಗಿ ನೋಡಿ. ಕರೆಂಟು ತೆಗೆದು, ಅದರಲ್ಲಿ ಸೂಜಿ ತೂರಿಸಿ ಒತ್ತಿದರೆ ತಟ್ಟೆ ಬಾಯಿ ಬಿಡುತ್ತದೆ. ನನ್ನ ಹತ್ತಿರ ಸೂಜಿ ಇರಲಿಲ್ಲ. ಆಯಿ ತಮ್ಮ ಬಳೆಗೆ ಸಿಗಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟರು. ಒತ್ತಿದೆ, ತಟ್ಟೆಯನ್ನು ಬೆರಳಿನಿಂದ ಎಳೆದೆ. ಬನ್ನಿಯ ಕಡ್ಡಿ ಹೊರಗೆ ಬಂತು, ಅರ್ಧ ಎಲೆ ಉದುರಿ, ಸುತ್ತಿ ಸುತ್ತಿ ಜಜ್ಜಿಹೋಗಿತ್ತು. ಉದುರಿದ ಎಲೆಗಳನ್ನು ಬ್ರಷ್ಷಿನಿಂದ ಬಳಿದು ತೆಗೆದೆ. ತಂತಿ ಜೋಡಿಸಿ ಹಚ್ಚಿದೆ. ಪರದೆ ಬೆಳಗಿತು. ವೈನಿ ಅರ್ಧಕ್ಕೆ ಬಿಟ್ಟ ಪತ್ರಿಕೆ ತೆರೆದು ನೋಡಿದರು, ಯಾವನೋ ಸೋದರಮಾವ ತನ್ನ ಸಾಲಿನಲ್ಲಿ ಸುಖವಾಗಿದ್ದ.

ಯಾರಿಗೂ ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಕಾಕಾ ಬಾಗಿಲಲ್ಲೇ ನಿಂತಿದ್ದರು.

"ಯವ್ವಾ, ಊರಾಗ ನಿನಗ ಬನ್ನಿ ಕೊಡಾಕ ಬ್ಯಾರೆ ಯಾರೂ ಸಿಗಲಿಲ್ಲೇನು?"

"ಸಿಕ್ಕವರಿಗೆಲ್ಲಾ ಕೊಟ್ಟೇನಿ. ಮುಂದ ಮಾಡಿದ ಕೈಗೆ ಇಲ್ಲಾ ಅನಬಾರದು ಅಂತ ಮಂದಿಗೆಲ್ಲಾ ಹೇಳ್ಕೋತ ತಿರಗಾಂವ ನೀನ. ಪೆಟಗೀ ಕೈ, ಕೈ ಅಲ್ಲೇನು?"

ಆಯಿ ಬಿಡಲಿಲ್ಲ. ನನ್ನ ಅಂಗೈಯಲ್ಲಿದ್ದ ಜಜ್ಜಿದ ಎಸಳನ್ನು ತೋರಿಸುತ್ತ, ದನಿ ಸ್ವಲ್ಪ ಇಳಿಸಿ ಅಂದರು:

"ನಿನ್ನಿ ಗಿರಿಜವ್ವ ನಿನ್ನ ಕಾಲ ಮುಟ್ಟಿ ಕೈ ಮುಂದ ಮಾಡಿದ್ಲು. ಬನ್ನಿ ಇಟ್ಟಿ, ಬಂಗಾರದಂಗ ಇರು ಅನ್ನಲಿಲ್ಲ. ಗ್ವಾಡಿ ನೋಡಿದಿ. ನಾ ಮುದುಕಿ ಇರಬಹುದು, ಕಣ್ಣು ನೆಟ್ಟಗ ಅದಾವು."

ವೈನಿ ತಲೆ ತಗ್ಗಿಸಿ ಕೀಬೋರ್ಡಿನ ತಂತಿ ಬಿಚ್ಚುತ್ತಿದ್ದರು, ಅದಾಗಲೇ ಬಿಚ್ಚಿ ಮುಗಿದಿದ್ದರೂ. ಕಾಕಾ ಕೆಮ್ಮಿ, ದಸರೆ ನಿನ್ನೆಗೇ ಮುಗಿಯಿತಲ್ಲ ಎಂದರು. ನಾಲ್ಕು ದಿನ ಮುಂದಿರುವ ಸೀಗಿ ಹುಣ್ಣಿವೆಯ ತನಕ ಬನ್ನಿ ಕೊಡಬಹುದು ಎಂದು ಆಯಿ ತೀರ್ಪು ಕೊಟ್ಟರು. ಇದು ಹಿಂದಿನಿಂದ ಬಂದ ಪದ್ಧತಿಯೋ, ಅಲ್ಲಿ ನಿಂತಲ್ಲೇ ಹುಟ್ಟಿದ್ದೋ, ನಾನು ಕೇಳಲು ಹೋಗಲಿಲ್ಲ. ನೀವೂ ಕೇಳಬೇಡಿ.

ಕಾಕಾ ಹೊಸ್ತಿಲು ದಾಟಿದರು. ಹೊಸ ಮನೆಗೆ ಕಾಲಿಡುವವರ ಹಾಗೆ ಬಲಗಾಲು ಮುಂದಿಟ್ಟು ಬಂದರು, ಬೇಕೆಂದೋ ರೂಢಿಯಿಂದಲೋ. ನನ್ನ ಅಂಗೈಯಿಂದ ಆ ಎಸಳನ್ನು ಎತ್ತಿ, ಧೂಳು ಕೊಡವಿ, ಸೊಸೆಯ ಮುಂದೆ ಹಿಡಿದರು. ಈ ಸಲ ಗೋಡೆಗೆ ಹೇಳಲಿಲ್ಲ.

"ತಗೋವಾ. ಬಂಗಾರದಂಗ ಇರು." ಆಮೇಲೆ ಪೆಟಗಿಯ ಕಡೆ ಗದ್ದ ಎತ್ತಿ, "ಇದೂ ಇರಲಿ," ಎಂದರು.

ವೈನಿ ಕಾಲು ಮುಟ್ಟಲು ಬಗ್ಗಿದವರು ಏಳಲು ತಡ ಮಾಡಿದರು. ನಾನು ರ‍್ಯಾಮ್ ಪಟ್ಟಿಯನ್ನು ನೋಡುತ್ತ ಕೂತೆ. ಅದರಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಟೆಂಪೋ ಬರಲಿಲ್ಲ. ಆದರೆ ನನಗೆ ಮುಂದಿನ ದಸರೆಯ ಚಿಂತೆ ಹತ್ತಿತು. ಆಯಿಗೆ ಬೇಡ ಅನ್ನುವವರು ಆ ಮನೆಯಲ್ಲಿ ಇನ್ನು ಹುಟ್ಟಬೇಕು. ಉಸ್ತಾದನ ಅಂಗಡಿಯ ಮೂಲೆಯಲ್ಲಿ ಸತ್ತ ಸಿಡಿ ಡ್ರೈವು ಒಂದು ಬಿದ್ದಿತ್ತು. ಸಿಡಿ ಓದುವುದಿಲ್ಲ, ತಟ್ಟೆ ಮಾತ್ರ ಹೊರಗೆ ಬಂದು ಒಳಗೆ ಹೋಗುತ್ತದೆ. ಅದರ ತಿರುಗುವ ಚಕ್ರ ಕಿತ್ತು, ವೈನಿಯ ಡಬ್ಬಿಯಲ್ಲಿ ಒಳ್ಳೆಯ ಡ್ರೈವಿನ ಮೇಲ್ಗಡೆ, ಸರಿಯಾಗಿ ಹಣೆಯ ಜಾಗದಲ್ಲಿ ಕೂಡಿಸಿದೆ. ಕರೆಂಟಿನ ತಂತಿ ಒಂದೇ ಕೊಟ್ಟೆ, ಬೇರೆ ಸಂಬಂಧ ಇಲ್ಲ. ಕೆಳಗಿನದು ಸಿಡಿಗೆ, ಮೇಲಿನದು ಬನ್ನಿಗೆ. ಉಸ್ತಾದನಿಗೆ ಹೇಳಿದರೆ ಇಂಥ ಕೆಲಸ ಯಾವ ಪುಸ್ತಕದಲ್ಲಿದೆ ಎಂದು ಕೇ‌ಳಿದ. ನಾನು ಯಾವ ಪುಸ್ತಕವನ್ನೂ ಓದಿಲ್ಲ ಎಂಬುದು ಅವನಿಗೆ ಮರೆತಿತ್ತು.

ಮುಂದಿನ ವರ್ಷ ದಸರೆಯ ಸಂಜೆ ಬನ್ನಿ ಕೊಡುವ ನೆಪ ಮಾಡಿಕೊಂಡು ಹೋದೆ. ಖರೆ ಹೇಳಬೇಕೆಂದರೆ ತಟ್ಟೆ ಸಿಕ್ಕಿಕೊಂಡರೆ ಎಂಬ ಭಯ. ಕಿಸೆಯಲ್ಲಿ ರಬ್ಬರಿನ ಜೊತೆ ಒಂದು ಪಿನ್ನನ್ನೂ ಇಟ್ಟುಕೊಂಡಿದ್ದೆ. ವೈನಿ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳ ನಡುವೆ ಇದ್ದರು. ಆಯಿ ಬನ್ನಿ ಹಿಡಿದು ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಯಾಕೆ ನಿಂತಿರಿ ಎಂದರೆ, ಸರದಿ ಎಂದು ಬೆರಳು ತೋರಿಸಿದರು.

ಒಳಗೆ ಕಾಕಾ ಇದ್ದರು. ಹೊಸ ಧೋತರ, ಹಣೆ ತುಂಬ ವಿಭೂತಿ. ಬಗ್ಗಿ ನಿಂತು ಹೆಬ್ಬೆರಳಿನಿಂದ ಗುಂಡಿ ಹುಡುಕಿ ಒತ್ತಿದರು. ತಟ್ಟೆ ಸರ್ರನೆ ಮುಂದೆ ಬಂತು. ಅದರಲ್ಲಿ ಬನ್ನಿ ಇಟ್ಟರು, ಸಣ್ಣವರ ಕೈಗೆ ಬೆಲ್ಲ ಹಾಕುವ ಹಾಗೆ. ಇಟ್ಟು, ಕಾದರು. ಇನ್ನೊಮ್ಮೆ ಗುಂಡಿ ಒತ್ತದ ಹೊರತು ತಟ್ಟೆ ತಾನಾಗಿ ಒಳಗೆ ಹೋಗುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅದು ಕೈ ಚಾಚಿಕೊಂಡೇ ನಿಂತಿತ್ತು. ಕಾಕಾ ಅತ್ತಿತ್ತ ನೋಡಿದರು. ನಾನು ಬಾಗಿಲ ಮರೆಗೆ ಸರಿದೆ. ಯಾರೂ ಇಲ್ಲ ಎಂದುಕೊಂಡು ಅವರು ಆ ತಟ್ಟೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಒಳಗೆ ದಬ್ಬಿದರು.

"ತಗೋ," ಎಂದರು, "ನಾಚಬ್ಯಾಡ."